ಕಾರಿನ ಬಾಗಿಲ ಹಿಂದೆ ಅಡಗಿದರೆ ರೈಫಲ್ ಗುಂಡು ತಾಗುವುದಿಲ್ಲವೇ? ಸಿನಿಮಾ ಬೇರೆ, ನಿಜ ಬೇರೆ

ಹೀರೊ ಓಡಿ ಬಂದು ಕಾರಿನ ಬಾಗಿಲು ತೆರೆದು ಅದರ ಹಿಂದೆ ಕೂರುತ್ತಾನೆ. ವಿಲನ್ ಕಡೆಯವರು ಗುಂಡಿನ ಮಳೆ ಸುರಿಸುತ್ತಾರೆ. ಬಾಗಿಲ ಮೇಲೆ ಟಣ್ ಟಣ್ ಎಂದು ಕಿಡಿ ಹಾರುತ್ತದೆ, ಹೀರೊಗೆ ಒಂದು ಗೀರೂ ಆಗುವುದಿಲ್ಲ. ಕಾರು ಸಿಗದಿದ್ದರೆ ಊಟದ ಮೇಜನ್ನು ಉರುಳಿಸಿ ಅದರ ಹಿಂದೆ ಕೂತರೂ ಆಯಿತು! ಕನ್ನಡ, ತೆಲುಗು, ಹಿಂದಿ, ಹಾಲಿವುಡ್ ಎನ್ನದೆ ಎಲ್ಲ ಸಿನಿಮಾಗಳಲ್ಲೂ ಈ ದೃಶ್ಯ ಇದೆ. ನೂರಾರು ಸಲ ನೋಡಿ ನೋಡಿ, ಗುಂಡು ಹಾರಿದರೆ ಯಾವುದಾದರೂ ವಸ್ತುವಿನ ಹಿಂದೆ ಅವಿತರೆ ಸಾಕು ಎಂಬ ನಂಬಿಕೆ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಎಲ್ಲಾದರೂ ಗುಂಡಿನ ದಾಳಿಯಾದ ಸುದ್ದಿ ಬಂದಾಗ ಇಂಥ ಸಲಹೆಗಳು ಫಾರ್ವರ್ಡ್ ಆಗಿ ಬರುವುದೂ ಉಂಟು.

ಇದು ನಿಜವೇ?

ಚಿಕ್ಕ ಉತ್ತರ: ಇಲ್ಲ. ಸೇನೆ, ಪೊಲೀಸರು ಬಳಸುವ ಸಾಮಾನ್ಯ ರೈಫಲ್ ಗುಂಡಿಗೆ ಕಾರಿನ ಬಾಗಿಲು, ಮರದ ಮೇಜು, ಸೋಫಾ, ಬೀರು, ಪ್ಲೈವುಡ್ ಗೋಡೆ ಇವು ಯಾವುವೂ ದೊಡ್ಡ ಅಡ್ಡಿಯಲ್ಲ. ಅವು ನಿಮ್ಮನ್ನು ಮರೆಮಾಡುತ್ತವೆ, ಅಷ್ಟೇ. ಗುಂಡನ್ನು ತಡೆಯುವುದಿಲ್ಲ. ಯಾಕೆ ಎಂದು ಒಂದೊಂದಾಗಿ ನೋಡೋಣ.

ಎಲ್ಲ ಗುಂಡೂ ಒಂದೇ ಅಲ್ಲ

ನಾವು ಗನ್ ಎಂದು ಒಂದೇ ಮಾತಿನಲ್ಲಿ ಹೇಳುವುದರಲ್ಲಿ ಮುಖ್ಯವಾಗಿ ಮೂರು ಬಗೆ ಇವೆ.

ಮೊದಲನೆಯದು ಪಿಸ್ತೂಲು ಮತ್ತು ರಿವಾಲ್ವರ್. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವಂಥವು. ನಳಿಕೆ ಚಿಕ್ಕದು, ಮದ್ದು ಕಡಿಮೆ, ಗುಂಡಿನ ವೇಗವೂ ಕಡಿಮೆ.

ಎರಡನೆಯದು ನಮ್ಮ ಮಲೆನಾಡಿನ ಮನೆಗಳಲ್ಲಿ ಕಾಣುವ ತೋಟಾ ಕೋವಿ. ಇದರ ತೋಟೆಯಲ್ಲಿ ಸಾಮಾನ್ಯವಾಗಿ ಒಂದೇ ಗುಂಡು ಇರುವುದಿಲ್ಲ, ಚಿಕ್ಕ ಚಿಕ್ಕ ಚರೆಗಳು ಇರುತ್ತವೆ. ಹತ್ತಿರದಲ್ಲಿ ಭಾರೀ ಅಪಾಯಕಾರಿ. ಆದರೆ ಚರೆಗಳು ಚದುರುತ್ತಾ ಹೋಗುವುದರಿಂದ ದೂರ ಹೋದಂತೆ ಶಕ್ತಿ ಬೇಗ ಕುಗ್ಗುತ್ತದೆ.

ಮೂರನೆಯದು ರೈಫಲ್. ಉದ್ದನೆಯ ನಳಿಕೆ, ಹೆಚ್ಚು ಮದ್ದು, ಚೂಪಾದ ಒಂದೇ ಗುಂಡು. ನಳಿಕೆಯ ಒಳಗೆ ಸ್ಕ್ರೂ ಥರ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಇಂಗ್ಲಿಷಿನಲ್ಲಿ ಹಾಗೆ ಕೊರೆಯುವುದಕ್ಕೆ ರೈಫ್ಲಿಂಗ್ ಎನ್ನುತ್ತಾರೆ, ರೈಫಲ್ ಎಂಬ ಹೆಸರು ಬಂದದ್ದೇ ಅದರಿಂದ. ಪಿಸ್ತೂಲಿನ ನಳಿಕೆಯಲ್ಲೂ ಈ ಗೀರುಗಳಿವೆ, ಆದರೆ ಹೆಸರು ಉಳಿದದ್ದು ಈ ಉದ್ದ ಬಂದೂಕಿಗೆ. ಎಕೆ-47, ನಮ್ಮ ಸೇನೆಯ ಇನ್ಸಾಸ್, ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇದ್ದ ಪಾಯಿಂಟ್ 303, ಇವೆಲ್ಲ ಈ ಗುಂಪಿಗೆ ಸೇರಿದವು.

ಸಿನಿಮಾ ಮಾಡುವ ಮೋಸ ಇರುವುದು ಇಲ್ಲೇ. ಪರದೆಯ ಮೇಲೆ ಪಿಸ್ತೂಲೂ ರೈಫಲ್ಲೂ ಒಂದೇ ಥರ ಸದ್ದು ಮಾಡುತ್ತವೆ, ಒಂದೇ ಥರ ಕಿಡಿ ಹಾರಿಸುತ್ತವೆ. ನಿಜದಲ್ಲಿ ಎರಡರ ನಡುವಿನ ಅಂತರ ಬಹಳ ದೊಡ್ಡದು.

ತೂಕ ಒಂದೇ, ಶಕ್ತಿ ನಾಲ್ಕು ಪಟ್ಟು

ಒಂದು ಸುಲಭದ ಲೆಕ್ಕ ನೋಡಿ. ಪೊಲೀಸ್ ಪಿಸ್ತೂಲುಗಳಲ್ಲಿ ಬಳಸುವ 9 ಮಿ.ಮೀ. ಗುಂಡಿನ ತೂಕ ಸುಮಾರು 8 ಗ್ರಾಂ. ಎಕೆ-47 ಹಾರಿಸುವ ಗುಂಡಿನ ತೂಕವೂ ಸುಮಾರು 8 ಗ್ರಾಂ. ನಮ್ಮ ಒಂದು ರೂಪಾಯಿ, ಎರಡು ರೂಪಾಯಿ ನಾಣ್ಯ ಎರಡನ್ನೂ ಸೇರಿಸಿದರೆ ಹೆಚ್ಚು ಕಡಿಮೆ ಅಷ್ಟು ತೂಗುತ್ತವೆ. ಹಾಗಾದರೆ ವ್ಯತ್ಯಾಸ ಎಲ್ಲಿ?

ವೇಗದಲ್ಲಿ. ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 360 ಮೀಟರ್ ಓಡುತ್ತದೆ. ಎಕೆ-47ರ ಗುಂಡು ಸೆಕೆಂಡಿಗೆ ಸುಮಾರು 715 ಮೀಟರ್, ಅಂದರೆ ಗಂಟೆಗೆ 2,500 ಕಿ.ಮೀ.ಗಿಂತ ಹೆಚ್ಚು. ಶಬ್ದದ ವೇಗದ ಎರಡು ಪಟ್ಟು! ದೂರದಿಂದ ಹಾರಿಸಿದರೆ ಗುಂಡು ಮೊದಲು ಬಂದು ತಲುಪುತ್ತದೆ, ಬಂದೂಕಿನ ಸದ್ದು ಆಮೇಲೆ ಕೇಳುತ್ತದೆ.

ವೇಗ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟಾಗಬೇಕಲ್ಲವೇ ಎಂದು ಅನಿಸಬಹುದು. ಹೈಸ್ಕೂಲಿನ ಭೌತಶಾಸ್ತ್ರ ನೆನಪಿಸಿಕೊಳ್ಳಿ: ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ಎರಡರ ವರ್ಗ, ಅಂದರೆ ನಾಲ್ಕು ಪಟ್ಟು. ಪಿಸ್ತೂಲಿನ ಗುಂಡಿನಲ್ಲಿ ಸುಮಾರು 500 ಜೌಲ್ ಶಕ್ತಿ ಇದ್ದರೆ, ಅಷ್ಟೇ ತೂಕದ ಎಕೆ-47 ಗುಂಡಿನಲ್ಲಿ ಸುಮಾರು 2,000 ಜೌಲ್ ಇರುತ್ತದೆ. ಇನ್ಸಾಸ್ ಗುಂಡು ಇನ್ನೂ ಹಗುರ, ಬರೀ 4 ಗ್ರಾಂ. ಆದರೆ ವೇಗ ಸೆಕೆಂಡಿಗೆ 900 ಮೀಟರ್ ಹತ್ತಿರ ಇರುವುದರಿಂದ ಅದರ ಶಕ್ತಿ 1,600 ಜೌಲ್ ದಾಟುತ್ತದೆ. ಹಳೆಯ ಪಾಯಿಂಟ್ 303ರ ಗುಂಡು 11 ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅದರ ಶಕ್ತಿ ಸುಮಾರು 3,100 ಜೌಲ್.

ಜೌಲ್ ಎಂದರೆ ಅಂದಾಜು ಸಿಗದಿದ್ದರೆ ಕ್ರಿಕೆಟ್ ನೋಡಿ. ಗಂಟೆಗೆ 150 ಕಿ.ಮೀ. ವೇಗದಲ್ಲಿ ಬರುವ ಚೆಂಡಿನ ಶಕ್ತಿ ಸುಮಾರು 140 ಜೌಲ್. ಎಕೆ-47ರ ಒಂದು ಗುಂಡಿನಲ್ಲಿ ಅಂಥ 14 ಚೆಂಡುಗಳ ಶಕ್ತಿ ಇದೆ. ಅಷ್ಟೂ ಶಕ್ತಿ ಬೀಳುವುದು ಚೆಂಡಿನಷ್ಟು ಅಗಲದ ಜಾಗದ ಮೇಲಲ್ಲ. ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ. ಚಪ್ಪಲಿ ಹಾಕಿದ ಕಾಲಿನಿಂದ ತುಳಿದರೂ ಸೂಜಿಯಿಂದ ಚುಚ್ಚಿದರೂ ಬಲ ಒಂದೇ ಇರಬಹುದು, ಒಳಗೆ ಹೋಗುವುದು ಸೂಜಿ ಮಾತ್ರ.

ಗುಂಡು ಒಳಗೆ ನುಗ್ಗುವುದು ಹೇಗೆ?

ವೇಗದ ಜೊತೆಗೆ ಇನ್ನೂ ಎರಡು ಕಾರಣ ಇವೆ.

ಒಂದು, ತಿರುಗುವಿಕೆ. ನಳಿಕೆಯ ಸುರುಳಿ ಗೀರುಗಳಿಂದ ಗುಂಡು ಬುಗುರಿಯ ಹಾಗೆ ತಿರುಗುತ್ತಾ ಹೊರಬರುತ್ತದೆ. ಎಕೆ-47ರ ಗುಂಡು ಸೆಕೆಂಡಿಗೆ ಸುಮಾರು 3,000 ಸುತ್ತು ತಿರುಗುತ್ತದೆ. ಜೋರಾಗಿ ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಅಡ್ಡಾದಿಡ್ಡಿಯಾಗದೆ ಮೂತಿ ಮುಂದಾಗಿಯೇ ಸಾಗುತ್ತದೆ. ಗುರಿಗೆ ತಾಗುವುದು ಯಾವಾಗಲೂ ಚೂಪಾದ ತುದಿಯೇ.

ಎರಡು, ಗುಂಡಿನ ರಚನೆ. ಸೇನೆಯ ರೈಫಲ್ ಗುಂಡಿನ ಒಳಗೆ ಸೀಸ, ಹೊರಗೆ ಗಟ್ಟಿ ಲೋಹದ ಪೂರ್ತಿ ಹೊದಿಕೆ ಇರುತ್ತದೆ. ಎಕೆ-47ರ ಮಾಮೂಲಿ ಗುಂಡಿನ ನಡುವೆ ಉಕ್ಕಿನ ತಿರುಳೂ ಇದೆ. ಹೀಗಾಗಿ ಏನಾದರೂ ತಾಗಿದ ಕೂಡಲೇ ಅದು ಚಪ್ಪಟೆಯಾಗಿ ನಿಂತುಬಿಡುವುದಿಲ್ಲ.

ಈ ಪೂರ್ತಿ ಹೊದಿಕೆಯ ಹಿಂದೆ ಒಂದು ಕಥೆ ಇದೆ, ಅದಕ್ಕೆ ಭಾರತದ ನಂಟೂ ಇದೆ. 1890ರ ದಶಕದಲ್ಲಿ ಬ್ರಿಟಿಷರು ಕಲ್ಕತ್ತೆಯ ಹತ್ತಿರದ ದಮ್ ದಮ್ ಕಾರ್ಖಾನೆಯಲ್ಲಿ ತುದಿಯ ಹೊದಿಕೆ ತೆಗೆದ ಗುಂಡುಗಳನ್ನು ತಯಾರಿಸಿದರು. ಪೂರ್ತಿ ಹೊದಿಕೆಯ ಗುಂಡು ಮನುಷ್ಯನ ದೇಹವನ್ನು ಸೀದಾ ದಾಟಿಹೋಗುತ್ತಿದೆ, ಶತ್ರು ಬೀಳುತ್ತಿಲ್ಲ ಎನ್ನುವುದು ಅವರ ದೂರಾಗಿತ್ತು. ಹೊಸ ಗುಂಡು ದೇಹದೊಳಗೆ ಹೂವಿನಂತೆ ಅರಳಿ ಭೀಕರ ಗಾಯ ಮಾಡುತ್ತಿತ್ತು. ಇದು ಅಮಾನವೀಯ ಎಂಬ ಕಾರಣಕ್ಕೆ 1899ರ ಹೇಗ್ ಘೋಷಣೆಯಲ್ಲಿ ಯುದ್ಧದಲ್ಲಿ ಅರಳುವ ಗುಂಡುಗಳ ಬಳಕೆಯನ್ನು ನಿಷೇಧಿಸಲಾಯಿತು. ಅಂದಿನಿಂದ ಸೇನೆಗಳು ಅರಳದ, ಆಕಾರ ಕೆಡದ ಗುಂಡುಗಳನ್ನೇ ಬಳಸುತ್ತಿವೆ. ಆಕಾರ ಕೆಡದ ಗುಂಡು ಹೆಚ್ಚು ಆಳಕ್ಕೆ ಹೋಗುತ್ತದೆ. ಇಂದು ಜಗತ್ತಿನಲ್ಲಿ ಅತಿ ಸಾಮಾನ್ಯವಾದ ರೈಫಲ್ ಗುಂಡು ವಸ್ತುಗಳನ್ನು ತೂರಿ ಹೋಗುವುದರಲ್ಲಿ ಇಷ್ಟು ಪಳಗಿರುವುದಕ್ಕೆ ಇದೂ ಒಂದು ಕಾರಣ.

ಎಷ್ಟು ಆಳಕ್ಕೆ? ನೂರು ವರ್ಷ ಹಳೆಯ ಒಂದು ಪಟ್ಟಿ

ಈ ಪ್ರಶ್ನೆಗೆ ಉತ್ತರ ಹೊಸದೇನಲ್ಲ. ಮೊದಲ ಮಹಾಯುದ್ಧ ಶುರುವಾದ 1914ರಲ್ಲಿ ಬ್ರಿಟಿಷ್ ಸೇನೆ ತನ್ನ ಅಧಿಕಾರಿಗಳಿಗೆ ಕೊಟ್ಟ ಕಿಸೆ ಕೈಪಿಡಿಯಲ್ಲಿ ಒಂದು ಪಟ್ಟಿ ಇತ್ತು. ಪಾಯಿಂಟ್ 303ರ ಚೂಪು ಗುಂಡು ಯಾವ ವಸ್ತುವಿನಲ್ಲಿ ಗರಿಷ್ಠ ಎಷ್ಟು ಆಳಕ್ಕೆ ಹೋಗಬಹುದು ಎಂಬ ಲೆಕ್ಕ ಅದು. ಇಂಚುಗಳಲ್ಲಿ ನೋಡಿ:

• ಸಿಮೆಂಟ್ ಗಾರೆಯ ಇಟ್ಟಿಗೆ ಗೋಡೆ: 9 ಇಂಚು
• ಸುಣ್ಣದ ಗಾರೆಯ ಇಟ್ಟಿಗೆ ಗೋಡೆ: 14 ಇಂಚು
• ಮೂಟೆಯಲ್ಲಿ ತುಂಬಿದ ಮರಳು: 18 ಇಂಚು
• ಓಕ್‌ನಂಥ ಗಟ್ಟಿ ಮರ: 38 ಇಂಚು
• ಕಲ್ಲಿಲ್ಲದ ಸಡಿಲ ಮಣ್ಣು: 40 ಇಂಚು
• ಫರ್‌ನಂಥ ಮೆದು ಮರ: 58 ಇಂಚು
• ಜೇಡಿಮಣ್ಣು: 60 ಇಂಚು

ಇನ್ನೊಮ್ಮೆ ಓದಿ. ಗಟ್ಟಿ ಮರದಲ್ಲಿ 38 ಇಂಚು, ಅಂದರೆ ಮೂರು ಅಡಿಗಿಂತ ಹೆಚ್ಚು! ನಿಮ್ಮ ಮನೆಯ ಊಟದ ಮೇಜಿನ ಹಲಗೆ ಒಂದು ಇಂಚು ಇದ್ದರೆ ಹೆಚ್ಚು. ತೇಗದ ಬಾಗಿಲು ಒಂದೂವರೆ ಇಂಚು. ಮರದ ಕಾಂಡದ ಹಿಂದೆ ನಿಂತರೂ, ಅದು ಭಾರೀ ಹಳೆಯ ಮರವಾಗದಿದ್ದರೆ ಭರವಸೆ ಇಲ್ಲ.

ಇವು ಒಂದು ಗುಂಡಿನ ಗರಿಷ್ಠ ಅಂಕಿಗಳು. ಪ್ರತಿ ಸಲವೂ ಅಷ್ಟೇ ಆಳಕ್ಕೆ ಹೋಗುತ್ತದೆ ಎಂದಲ್ಲ. ಆದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ ಗೋಡೆಯೂ ಉಳಿಯುವುದಿಲ್ಲ. 200 ಗಜ ದೂರದಿಂದ ಒಂದೇ ಕಡೆಗೆ 150 ಗುಂಡು ಹೊಡೆದರೆ 9 ಇಂಚಿನ ಇಟ್ಟಿಗೆ ಗೋಡೆ ತೂತಾಗುತ್ತದೆ ಎಂದೂ ಅದೇ ಪಟ್ಟಿ ಹೇಳುತ್ತದೆ.

ಈ ಪಾಯಿಂಟ್ 303 ಇತಿಹಾಸದ ವಸ್ತು ಎಂದುಕೊಳ್ಳಬೇಡಿ. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ತಯಾರಾದ ಈ ರೈಫಲ್ಲುಗಳು ದೇಶದ ಪೊಲೀಸ್ ಠಾಣೆಗಳಲ್ಲಿ ಸ್ವಾತಂತ್ರ್ಯದ ನಂತರವೂ ದಶಕಗಳ ಕಾಲ ಇದ್ದವು. ಉತ್ತರ ಪ್ರದೇಶ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಗಟ್ಟಿ ಮರಕ್ಕಿಂತ ಮರಳು ಮೇಲು, ಅದು ಹೇಗೆ?

ಪಟ್ಟಿಯಲ್ಲಿ ಒಂದು ವಿಚಿತ್ರ ಗಮನಿಸಿದಿರಾ? ಗಟ್ಟಿ ಓಕ್ ಮರಕ್ಕಿಂತ ಕೈಯಲ್ಲಿ ಹಿಡಿದರೆ ಜಾರಿಹೋಗುವ ಮರಳು ಗುಂಡನ್ನು ಚೆನ್ನಾಗಿ ತಡೆಯುತ್ತದೆ. ಅದೂ ಅರ್ಧಕ್ಕಿಂತ ಕಡಿಮೆ ದಪ್ಪದಲ್ಲಿ.

ಕಾರಣ ಹೀಗಿದೆ. ಮರದಲ್ಲಿ ನಾರುಗಳಿವೆ. ಚೂಪು ಗುಂಡು ನಾರುಗಳನ್ನು ಅತ್ತ ಇತ್ತ ಸರಿಸಿ, ಸೌದೆಗೆ ಹೊಡೆದ ಬೆಣೆಯ ಹಾಗೆ ಮೂತಿ ಮುಂದಾಗಿಯೇ ಸಾಗುತ್ತದೆ. ಮರಳಿನಲ್ಲಿ ಹಾಗಲ್ಲ. ಲಕ್ಷಾಂತರ ಗಟ್ಟಿ ಕಣಗಳು ಒಂದಕ್ಕೊಂದು ಒತ್ತಿಕೊಂಡು ಗುಂಡಿಗೆ ಎದುರು ನಿಲ್ಲುತ್ತವೆ. ಅವನ್ನು ಸರಿಸುವುದರಲ್ಲಿ ಗುಂಡಿನ ಶಕ್ತಿ ಖರ್ಚಾಗುತ್ತದೆ. ಅದರ ಸಮತೋಲನ ತಪ್ಪಿ ಅಡ್ಡಕ್ಕೆ ತಿರುಗುತ್ತದೆ. ಅಡ್ಡ ತಿರುಗಿದ ಗುಂಡಿಗೆ ಎದುರಾಗುವ ತಡೆ ಹಲವು ಪಟ್ಟು ಹೆಚ್ಚು. ಅಲ್ಲಿಗೆ ಅದರ ಆಟ ಮುಗಿಯಿತು. ಪ್ರಪಂಚದ ಎಲ್ಲ ಸೇನೆಗಳೂ ಇವತ್ತಿಗೂ ಮರಳು ಮೂಟೆ ಜೋಡಿಸುವುದು ಇದಕ್ಕೇ.

ನೀರಿನಲ್ಲಿ ನಡೆಯುವುದು ಇನ್ನೂ ಆಶ್ಚರ್ಯ. ವೇಗವಾಗಿ ಬರುವ ರೈಫಲ್ ಗುಂಡು ನೀರಿಗೆ ಬಿದ್ದರೆ ಹೆಚ್ಚು ಕಡಿಮೆ ಒಂದು ಮೀಟರ್ ಒಳಗೇ ಒಡೆದು ಅಥವಾ ಉರುಳಿ ಶಕ್ತಿ ಕಳೆದುಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ನೀರಿನ ತಡೆ ಹೆಚ್ಚು. ಬಾವಿಗೆ ಮೇಲಿನಿಂದ ಹೊಟ್ಟೆ ಅಡಿಯಾಗಿ ಬಿದ್ದವರಿಗೆ ನೀರು ಎಷ್ಟು ಗಟ್ಟಿ ಎಂದು ಗೊತ್ತಿರುತ್ತದೆ!

ಇದರಿಂದ ಇನ್ನೊಂದು ತಪ್ಪು ಕಲ್ಪನೆಯೂ ಒಡೆಯುತ್ತದೆ. ಹತ್ತಿರದಿಂದ ಹೊಡೆದರೆ ಯಾವಾಗಲೂ ಹೆಚ್ಚು ಆಳಕ್ಕೆ ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಮರಳು, ಇಟ್ಟಿಗೆ, ಮರಗಳಲ್ಲಿ ತೀರ ಹತ್ತಿರಕ್ಕಿಂತ ಮಧ್ಯಮ ದೂರದಿಂದ ಹೊಡೆದ ಗುಂಡೇ ಹೆಚ್ಚು ಆಳಕ್ಕೆ ಹೋಗುತ್ತದೆ ಎಂದು 1914ರ ಆ ಕೈಪಿಡಿಯೇ ಬರೆದಿಟ್ಟಿದೆ. ಅತಿ ವೇಗದಲ್ಲಿ ಗುಂಡು ತಾನೇ ವಿರೂಪಗೊಳ್ಳುವುದು, ಅಲುಗಾಡುವುದು ಇದಕ್ಕೆ ಕಾರಣ. ಹಾಗಾಗಿ ದೂರ ಇದ್ದೇನೆ, ಗೋಡೆಯೂ ಇದೆ ಎಂಬ ಧೈರ್ಯ ಬೇಡ.

ಈಗ ಕಾರಿನ ವಿಷಯ

ಕಾರಿನ ಬಾಗಿಲು ಹೊರಗಿನಿಂದ ದಪ್ಪ ಕಾಣುತ್ತದೆ. ಒಳಗೆ ಏನಿದೆ? ಹೊರಗೊಂದು ತಗಡು, ಒಳಗೊಂದು ತಗಡು, ಒಂದೊಂದೂ ಒಂದು ಮಿ.ಮೀ.ಗಿಂತ ತೆಳು. ನಡುವೆ ಗಾಜು, ಅದನ್ನು ಏರಿಸಿ ಇಳಿಸುವ ಯಂತ್ರ, ಸ್ಪೀಕರ್, ಉಳಿದದ್ದು ಖಾಲಿ ಜಾಗ. ಒಂದು ಕಡೆ ಅಪಘಾತದ ರಕ್ಷಣೆಗೆ ಉಕ್ಕಿನ ಪಟ್ಟಿ ಇರಬಹುದು, ಗುಂಡು ಸರಿಯಾಗಿ ಅದಕ್ಕೇ ತಾಗಬೇಕಲ್ಲ! ಪಿಸ್ತೂಲಿನ ಗುಂಡೇ ಎಷ್ಟೋ ಸಲ ಇದನ್ನು ದಾಟುತ್ತದೆ. ರೈಫಲ್ ಗುಂಡಿಗೆ ಇದು ಲೆಕ್ಕಕ್ಕೇ ಇಲ್ಲ.

ಇದನ್ನು ಇಡೀ ಜಗತ್ತು ಟಿವಿಯಲ್ಲಿ ನೇರವಾಗಿ ನೋಡಿದ್ದು 1997ರ ಫೆಬ್ರುವರಿ 28ರಂದು. ಅಮೆರಿಕದ ಲಾಸ್ ಏಂಜಲೀಸ್ ನಗರದ ನಾರ್ತ್ ಹಾಲಿವುಡ್ ಪ್ರದೇಶದಲ್ಲಿ ಇಬ್ಬರು ಬ್ಯಾಂಕ್ ದರೋಡೆ ಮಾಡಿ ಹೊರಬಂದರು. ಕೈಯಲ್ಲಿ ಎಕೆ ಮಾದರಿಯ ರೈಫಲ್, ಮೈಮೇಲೆ ಗುಂಡು ನಿರೋಧಕ ಕವಚ. ಎದುರಿಗಿದ್ದ ಪೊಲೀಸರ ಬಳಿ ಇದ್ದದ್ದು ಪಿಸ್ತೂಲು ಮತ್ತು ಷಾಟ್‌ಗನ್. ಪೊಲೀಸರ ಗುಂಡು ದರೋಡೆಕೋರರ ಕವಚ ದಾಟಲಿಲ್ಲ. ದರೋಡೆಕೋರರ ಗುಂಡು ಪೊಲೀಸ್ ಕಾರುಗಳನ್ನು ದಾಟಿ ಹಿಂದೆ ಅವಿತವರಿಗೆ ತಗುಲಿತು. ಕೆಲವರು ಬೀಗದ ಕೈ ಮಾಡುವ ಚಿಕ್ಕ ಗೂಡಂಗಡಿಯ ಹಿಂದೆ ಅಡಗಿದರು, ಗುಂಡು ಅದನ್ನೂ ತೂರಿ ಬಂತು. ಸುಮಾರು 44 ನಿಮಿಷ ನಡೆದ ಆ ಕಾಳಗದಲ್ಲಿ ದರೋಡೆಕೋರರಿಬ್ಬರೂ ಸತ್ತರು. ಪೊಲೀಸರು, ನಾಗರಿಕರು ಹಲವರು ಗಾಯಗೊಂಡರು, ಅದೃಷ್ಟಕ್ಕೆ ಅವರಲ್ಲಿ ಯಾರೂ ಸಾಯಲಿಲ್ಲ. ಅದಾದ ಮೇಲೆ ಅಮೆರಿಕದ ರಕ್ಷಣಾ ಇಲಾಖೆ ಆ ನಗರದ ಪೊಲೀಸರಿಗೆ 600 ಎಂ-16 ರೈಫಲ್‌ಗಳನ್ನು ಕೊಟ್ಟಿತು.

ಹಾಲಿವುಡ್‌ನ ಪಕ್ಕದ ಬೀದಿಯಲ್ಲೇ ಹಾಲಿವುಡ್ ಹೇಳಿಕೊಟ್ಟದ್ದು ಸುಳ್ಳಾಯಿತು ನೋಡಿ.

ಕಾರಿನಲ್ಲಿ ಗುಂಡನ್ನು ನಿಜವಾಗಿ ತಡೆಯಬಲ್ಲ ಭಾಗ ಎಂದರೆ ಎಂಜಿನ್. ಅದು ದಪ್ಪನೆಯ ಲೋಹದ ಗಡ್ಡೆ. ಆಮೇಲೆ ಒಂದಿಷ್ಟು ಮಟ್ಟಿಗೆ ಚಕ್ರದ ಡಿಸ್ಕ್ ಮತ್ತು ರಿಮ್. ಉಳಿದ ಕಾರು ಬರೀ ಪರದೆ.

ಮುಂಬೈ ನಮಗೆ ಕಲಿಸಿದ್ದು

ಹನ್ನೊಂದು ವರ್ಷಗಳ ನಂತರ ಇದೇ ಪಾಠ ನಮ್ಮ ದೇಶದಲ್ಲಿ ಇನ್ನೂ ಕ್ರೂರವಾಗಿ ನಡೆಯಿತು. 2008ರ ನವೆಂಬರ್ 26ರ ರಾತ್ರಿ ಮುಂಬೈಗೆ ನುಗ್ಗಿದ ಹತ್ತು ಭಯೋತ್ಪಾದಕರ ಕೈಯಲ್ಲಿ ಎಕೆ ರೈಫಲ್ಲುಗಳಿದ್ದವು. ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಅವರನ್ನು ಮೊದಲು ಎದುರಿಸಿದ ಪೊಲೀಸರಲ್ಲಿ ಕೆಲವರ ಬಳಿ ಹಳೆಯ ಪಾಯಿಂಟ್ 303 ಇತ್ತು, ಕೆಲವರ ಬಳಿ ಲಾಠಿ ಮಾತ್ರ. ಅದೇ ರಾತ್ರಿ ಕಾಮಾ ಆಸ್ಪತ್ರೆಯ ಬಳಿಯ ಓಣಿಯಲ್ಲಿ ಪೊಲೀಸರ ಕ್ವಾಲಿಸ್ ವಾಹನದ ಮೇಲೆ ಗುಂಡಿನ ದಾಳಿಯಾಯಿತು. ಹೇಮಂತ ಕರ್ಕರೆ, ಅಶೋಕ ಕಾಮ್ಟೆ, ವಿಜಯ ಸಾಲಸ್ಕರ್ ಎಂಬ ಮೂವರು ಹಿರಿಯ ಅಧಿಕಾರಿಗಳು ಹುತಾತ್ಮರಾದರು. ವಾಹನದಲ್ಲಿ ಹಿಂದೆ ಕೂತಿದ್ದ ಕಾನ್‌ಸ್ಟೇಬಲ್‌ಗಳಲ್ಲಿ ಅರುಣ್ ಜಾಧವ್ ಒಬ್ಬರೇ ಗಾಯಗೊಂಡು ಬದುಕುಳಿದರು.

ಕೊಲಾಬಾದ ಲಿಯೋಪೋಲ್ಡ್ ಕೆಫೆಗೆ ನೀವು ಇವತ್ತು ಹೋದರೂ ಅಂದಿನ ಗುಂಡಿನ ಗುರುತುಗಳನ್ನು ನೋಡಬಹುದು. ಅವನ್ನು ಮುಚ್ಚದೆ ಹಾಗೇ ಉಳಿಸಿಕೊಂಡಿದ್ದಾರೆ. ಫೋಟೊ ತೆಗೆದುಕೊಳ್ಳುವವರು ಒಂದು ಕ್ಷಣ ಯೋಚಿಸಬೇಕು: ಗೋಡೆಗೇ ಹೀಗಾದರೆ, ನಾವು ಊಟ ಮಾಡುವ ಮೇಜಿನ ಹಲಗೆ ಏನು ಮಾಡೀತು?

ಹಾಗಾದರೆ ಬುಲೆಟ್ ಪ್ರೂಫ್ ಜಾಕೆಟ್?

ಬುಲೆಟ್ ಪ್ರೂಫ್ ಎಂಬ ಪದವೇ ದಾರಿ ತಪ್ಪಿಸುತ್ತದೆ. ಎಲ್ಲ ಗುಂಡನ್ನೂ ತಡೆಯುವ ಜಾಕೆಟ್ ಎಂಬುದಿಲ್ಲ. ಯಾವ ಗುಂಡನ್ನು ತಡೆಯುತ್ತದೆ ಎಂದು ಕೇಳಬೇಕು.

ಬಟ್ಟೆಯಂತೆ ಮೆದುವಾಗಿರುವ ಜಾಕೆಟ್ಟುಗಳು ಕೆವ್ಲಾರ್‌ನಂಥ ಗಟ್ಟಿ ನೂಲಿನವು. ಕೆವ್ಲಾರ್ ಅನ್ನು 1965ರಲ್ಲಿ ಕಂಡುಹಿಡಿದವರು ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್. ಗೋಲ್ ಪೋಸ್ಟಿನ ಬಲೆ ಚೆಂಡನ್ನು ಹಿಡಿಯುವಂತೆ ಹತ್ತಾರು ಪದರ ನೂಲು ಪಿಸ್ತೂಲಿನ ಗುಂಡನ್ನು ಹಿಡಿದು, ಅದರ ಶಕ್ತಿಯನ್ನು ಅಗಲಕ್ಕೆ ಹಂಚಿಬಿಡುತ್ತದೆ. ಆದರೆ ರೈಫಲ್ ಗುಂಡಿನ ಎದುರು ಈ ಬಲೆ ಹರಿಯುತ್ತದೆ.

ರೈಫಲ್ ಗುಂಡು ತಡೆಯಲು ಗಟ್ಟಿ ತಟ್ಟೆ ಬೇಕು. ಬೋರಾನ್ ಕಾರ್ಬೈಡ್, ಅಲ್ಯುಮಿನಾದಂಥ ಸೆರಾಮಿಕ್ ತಟ್ಟೆ ಮೊದಲು ಗುಂಡಿನ ತುದಿಯನ್ನು ಪುಡಿ ಮಾಡುತ್ತದೆ. ಹಿಂದಿನ ನಾರಿನ ಪದರಗಳು ಆ ಚೂರುಗಳನ್ನು ಹಿಡಿಯುತ್ತವೆ. ಇದೆಲ್ಲ ಸೇರಿದ ಪೂರ್ಣ ಕವಚ ಸುಮಾರು 10 ಕೆ.ಜಿ. ತೂಗುತ್ತದೆ. ಸೈನಿಕರು ಬಿಸಿಲಿನಲ್ಲಿ, ಬೆಟ್ಟದಲ್ಲಿ ಅದನ್ನು ಹೊತ್ತು ನಡೆಯುತ್ತಾರೆ. ನಮ್ಮ ದೇಶದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ತಂತ್ರಜ್ಞಾನದಿಂದ ಭಾಭಾ ಕವಚ ಎಂಬ ಜಾಕೆಟ್ ತಯಾರಾಗಿದೆ. ಯಾವ ಜಾಕೆಟ್ ಯಾವ ಗುಂಡನ್ನು ತಡೆಯಬೇಕು ಎಂದು ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಪ್ರತ್ಯೇಕ ಮಾನದಂಡವನ್ನೇ ಹೊರಡಿಸಿತು.

ಸೈನಿಕರ ಎದೆಯನ್ನು ಕಾಯಲು ವಿಜ್ಞಾನಿಗಳು ಇಷ್ಟೆಲ್ಲ ಮಾಡಬೇಕಾಗಿದೆ. ಇದನ್ನು ತಿಳಿದ ಮೇಲೂ ಪ್ಲೈವುಡ್ ಬೀರು ನಮ್ಮನ್ನು ಕಾಪಾಡುತ್ತದೆ ಎಂದು ನಂಬುವುದು ಹೇಗೆ?

ನೀವು ಕೇಳಬಹುದಾದ ಪ್ರಶ್ನೆಗಳು

ಜೇಬಿನಲ್ಲಿದ್ದ ಮೊಬೈಲ್ ಗುಂಡು ತಡೆಯುತ್ತದಂತೆ, ಹೌದೇ?
ಶಕ್ತಿ ಕುಂದಿದ ಗುಂಡು, ಚರೆ ಅಥವಾ ಓರೆಯಾಗಿ ಬಂದ ಗುಂಡನ್ನು ಅಪರೂಪಕ್ಕೆ ಯಾವುದೋ ಗಟ್ಟಿ ವಸ್ತು ತಡೆಯಬಹುದು. ನೇರ ಬರುವ ರೈಫಲ್ ಗುಂಡಿಗೆ ಗಾಜು, ಅಲ್ಯುಮಿನಿಯಂ, ಬ್ಯಾಟರಿಯ ತೆಳು ಪದರ ಅಡ್ಡಿಯಲ್ಲ.

ಬೈಕ್ ಹೆಲ್ಮೆಟ್?
ಇಲ್ಲ. ಅದು ರಸ್ತೆಗೆ ಬಿದ್ದಾಗ ತಲೆ ಕಾಯಲು ಮಾಡಿದ್ದು. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಟ್ಟ ಉಕ್ಕಿನ ಹೆಲ್ಮೆಟ್ ಕೂಡ ಮೇಲಿನಿಂದ ಬೀಳುವ ಶೆಲ್ ಚೂರುಗಳಿಗಾಗಿ ಇತ್ತೇ ಹೊರತು ನೇರ ಬರುವ ರೈಫಲ್ ಗುಂಡಿಗಾಗಿ ಅಲ್ಲ.

ಹಾಸಿಗೆ, ದಿಂಬು, ಸೋಫಾ?
ಹತ್ತಿ ಮತ್ತು ಸ್ಪಂಜು ಗುಂಡಿಗೆ ಗಾಳಿ ಇದ್ದಂತೆ.

ಮನೆಯ ಗೋಡೆ?
ಗಟ್ಟಿ ಕಲ್ಲಿನ ಗೋಡೆ, ಕಾಂಕ್ರೀಟಿನ ಕಂಬ, ದಪ್ಪ ಇಟ್ಟಿಗೆ ಗೋಡೆ ಒಳ್ಳೆಯ ರಕ್ಷಣೆ. ನಾಲ್ಕೂವರೆ ಇಂಚಿನ ಒಳಗೋಡೆ, ಟೊಳ್ಳು ಬ್ಲಾಕ್, ಜಿಪ್ಸಮ್ ಪಾರ್ಟಿಷನ್, ತಗಡು ಇವನ್ನು ನಂಬುವಂತಿಲ್ಲ. ಒಂದಕ್ಕಿಂತ ಎರಡು ಗೋಡೆ ನಡುವೆ ಇದ್ದರೆ ಒಳ್ಳೆಯದು.

ಕೋವಿ ಹಿಡಿಯುವವರಿಗೂ ಒಂದು ಮಾತು

ಇಲ್ಲಿಯವರೆಗೆ ಗುಂಡಿನ ಎದುರಿಗೆ ಇರುವವರ ಬಗ್ಗೆ ಹೇಳಿದೆವು. ಆದರೆ ಕರ್ನಾಟಕದಲ್ಲಿ ಹೆಚ್ಚು ಜನರಿಗೆ ಈ ವಿಷಯ ತಾಗುವುದು ಇನ್ನೊಂದು ದಿಕ್ಕಿನಿಂದ. ಕೊಡಗು, ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆ ಪರವಾನಗಿ ಪಡೆದ ಕೋವಿಗಳಿವೆ. ಕೊಡಗಿನಲ್ಲಿ ಕೋವಿ ಸಂಸ್ಕೃತಿಯ ಭಾಗ, ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಸಲ್ಲುತ್ತದೆ. ಅದೇ ಪ್ರದೇಶಗಳಲ್ಲಿ, ಹಂದಿ ಎಂದುಕೊಂಡು ಹೊಡೆದ ಗುಂಡಿಗೆ ಮನುಷ್ಯ ಬಲಿಯಾದ ಸುದ್ದಿಯನ್ನೂ ನಾವು ಓದುತ್ತಿರುತ್ತೇವೆ.

ರೈಫಲ್ ಗುಂಡು ಗುರಿ ತಪ್ಪಿದರೆ ಎರಡು ಕಿ.ಮೀ.ಗಿಂತ ದೂರ ಹೋಗಬಲ್ಲದು. ಗುರಿಗೆ ತಾಗಿದರೂ ಅದನ್ನು ದಾಟಿ ಮುಂದೆ ಹೋಗಬಲ್ಲದು. ಪೊದೆ, ಬಾಳೆ, ಕಾಫಿ ಗಿಡ, ತಡಿಕೆ ಗೋಡೆ ಅದಕ್ಕೆ ಬೇಲಿಯಲ್ಲ. ಅದಕ್ಕೇ ಜಗತ್ತಿನ ಎಲ್ಲೆಡೆ ಬಂದೂಕು ತರಬೇತಿಯಲ್ಲಿ ಒಂದು ನಿಯಮ ಕಲಿಸುತ್ತಾರೆ: ಗುರಿ ಯಾವುದು ಎಂದು ಖಚಿತ ಮಾಡಿಕೊಳ್ಳಿ, ಗುರಿಯ ಹಿಂದೆ ಏನಿದೆ ಎಂದೂ ಖಚಿತ ಮಾಡಿಕೊಳ್ಳಿ. ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಕೋವಿ ಎತ್ತಬೇಡಿ.

ಗಾಳಿಯಲ್ಲಿ ಹಾರಿಸಿದರೆ ತೊಂದರೆ ಇಲ್ಲ ಎನ್ನುವುದೂ ತಪ್ಪು. ಮೇಲೆ ಹೋದದ್ದು ಕೆಳಗೆ ಬರಲೇಬೇಕು. ನೇರ ಮೇಲಕ್ಕೆ ಹಾರಿಸಿದ ರೈಫಲ್ ಗುಂಡು ವಾಪಸ್ ಬೀಳುವಾಗ ಸೆಕೆಂಡಿಗೆ ಸುಮಾರು 90 ಮೀಟರ್ ವೇಗ ಇರುತ್ತದೆ. ಓರೆಯಾಗಿ ಹಾರಿಸಿದರೆ ಇನ್ನೂ ಹೆಚ್ಚು. ತಲೆಗೆ ಬಿದ್ದರೆ ಜೀವ ಹೋಗಬಹುದು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಗುಂಡಿನ ಸದ್ದು ಕೇಳಿದರೆ ಏನು ಮಾಡಬೇಕು?

1. ದೂರ ಹೋಗಲು ಸುರಕ್ಷಿತ ದಾರಿ ಇದ್ದರೆ ಮೊದಲು ಅದನ್ನೇ ಮಾಡಿ. ಸಾಮಾನು ಬಿಟ್ಟು ಹೋಗಿ.
2. ಹೋಗಲು ಆಗದಿದ್ದರೆ ಕೂಡಲೇ ನೆಲಕ್ಕೆ ಮಲಗಿ. ನಿಂತವರಿಗಿಂತ ಮಲಗಿದವರಿಗೆ ಗುಂಡು ತಾಗುವ ಸಾಧ್ಯತೆ ಕಡಿಮೆ.
3. ಕಾಂಕ್ರೀಟ್ ಕಂಬ, ಕಲ್ಲಿನ ಗೋಡೆ, ಮಣ್ಣಿನ ದಿಬ್ಬ, ತಗ್ಗು, ಚರಂಡಿ ಹುಡುಕಿ. ನೆಲಕ್ಕಿಂತ ತಗ್ಗಿನಲ್ಲಿದ್ದರೆ ಭೂಮಿಯೇ ನಿಮ್ಮ ಗೋಡೆ.
4. ಬಳಿಯಲ್ಲಿ ಕಾರು ಮಾತ್ರ ಇದ್ದರೆ ಎಂಜಿನ್ ಮತ್ತು ಚಕ್ರ ನಿಮಗೂ ಗುಂಡು ಬರುವ ದಿಕ್ಕಿಗೂ ನಡುವೆ ಇರಲಿ.
5. ಕೋಣೆಯಲ್ಲಿದ್ದರೆ ಕಿಟಕಿ, ಬಾಗಿಲಿನ ನೇರದಿಂದ ಸರಿಯಿರಿ. ಬಾಗಿಲಿಗೆ ಬೆನ್ನು ಕೊಟ್ಟು ಒತ್ತಿ ಹಿಡಿಯಬೇಡಿ, ಚಿಲಕ ಹಾಕಿ ಪಕ್ಕಕ್ಕೆ ಬನ್ನಿ.
6. ವಿಡಿಯೊ ಮಾಡಲು ಇಣುಕಬೇಡಿ. ಮೊಬೈಲ್ ಸೈಲೆಂಟ್ ಮಾಡಿ. ಸುರಕ್ಷಿತ ಎನಿಸಿದಾಗ 112ಕ್ಕೆ ಕರೆ ಮಾಡಿ.

ಒಟ್ಟಾರೆ ಹೇಳುವುದಾದರೆ, ಮರೆ ಬೇರೆ, ರಕ್ಷಣೆ ಬೇರೆ. ಮರೆ ಎಂದರೆ ನಿಮ್ಮನ್ನು ಕಣ್ಣಿಗೆ ಕಾಣದಂತೆ ಮಾಡುವುದು. ರಕ್ಷಣೆ ಎಂದರೆ ಗುಂಡನ್ನು ನಿಲ್ಲಿಸುವುದು. ಕಾರಿನ ಬಾಗಿಲು, ಮೇಜು, ಪೊದೆ ಇವೆಲ್ಲ ಮರೆ. ಮಣ್ಣು, ಮರಳು, ಕಲ್ಲು, ಕಾಂಕ್ರೀಟು ಸಾಕಷ್ಟು ದಪ್ಪ ಇದ್ದರೆ ರಕ್ಷಣೆ. ಮರೆ ಏನೂ ಇಲ್ಲದಿರುವುದಕ್ಕಿಂತ ಮೇಲು, ಆದರೆ ಅದನ್ನೇ ರಕ್ಷಣೆ ಎಂದು ನಂಬಿ ಅಲ್ಲೇ ಕೂರಬಾರದು.

ಮುಂದಿನ ಸಲ ಕಾರಿನ ಬಾಗಿಲ ಹಿಂದೆ ಅಡಗಿ ಎಂಬ ಮೆಸೇಜ್ ಬಂದರೆ ಅದನ್ನು ಫಾರ್ವರ್ಡ್ ಮಾಡಬೇಡಿ. ಮೇಲಿನ ಆರು ಅಂಶಗಳನ್ನು ಕಳಿಸಿ. ಅದರಲ್ಲೂ ಮನೆಯಲ್ಲಿ ಕೋವಿ ಇರುವವರಿಗೆ ತಪ್ಪದೇ ಕಳಿಸಿ.